ರಾತ್ರಿ ಎರಡಕ್ಕೆ ಎಬ್ಬಿಸುವ ಯೋಚನೆಗಳು: ‘ಬಿಡು’ ಅಂದರೆ ಬಿಡುವುದು ಹೇಗೆ?

ಪ್ರಶ್ನೆ: ನನಗೆ 32 ವರ್ಷ. ದಾವಣಗೆರೆಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಚಿಕ್ಕಂದಿನಿಂದಲೂ ಯೋಚನೆ ಜಾಸ್ತಿ, ಈಗ ಒಂದು ವರ್ಷದಿಂದ ಮಿತಿ ಮೀರಿದೆ. ಮೂರು ವಾರದ ಹಿಂದೆ ಪೋಷಕರ ಸಭೆಯಲ್ಲಿ ಒಬ್ಬ ತಾಯಿ ‘ಮಿಸ್, ನಮ್ಮ ಹುಡುಗ ನಿಮ್ಮ ಕ್ಲಾಸಲ್ಲಿ ಬಾಯೇ ಬಿಡಲ್ವಂತೆ’ ಅಂದರು. ಅವತ್ತಿನಿಂದ ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ನಾನು ಕೆಟ್ಟ ಟೀಚರಾ? ಆಕೆ ಹೆಡ್‌ಮಿಸ್ ಹತ್ತಿರ ದೂರು ಹೇಳಿರಬಹುದಾ? ಕೆಲಸ ಹೋದರೆ ಮನೆ ಸಾಲದ ಕಂತಿನ ಗತಿ? ರಾತ್ರಿ ಎರಡಕ್ಕೆ ಎಚ್ಚರವಾದರೆ ಬೆಳಗಿನವರೆಗೂ ಇದೇ. ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿ, ಹತ್ತು ಸಲ ಓದಿ, ಕೊನೆಗೆ ಅಳಿಸುತ್ತೇನೆ. ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಿದೆ. ಸರ್ಕಾರಿ ನೇಮಕಾತಿ ಪರೀಕ್ಷೆಗೆ ಓದಲೋ ಬೇಡವೋ ಎಂದು ಎರಡು ವರ್ಷದಿಂದ ಯೋಚಿಸುತ್ತಲೇ ಇದ್ದೇನೆ. ‘ತಲೆ ಕೆಡಿಸ್ಕೋಬೇಡ, ಬಿಡು’ ಅಂತಾರೆ ಮನೆಯವರು. ಬಿಡೋದು ಹೇಗೆ ಅಂತ ಮಾತ್ರ ಯಾರೂ ಹೇಳಲ್ಲ. ಇದು ಕಾಯಿಲೆಯಾ? ಮಾತ್ರೆ ಬೇಕಾಗುತ್ತಾ?

ಚಿಕಿತ್ಸಾ ಮನಶ್ಶಾಸ್ತ್ರಜ್ಞೆಯ ಉತ್ತರ:

ನಿಮ್ಮ ಮನೆಯವರು ಪ್ರೀತಿಯಿಂದಲೇ ‘ಬಿಡು’ ಅನ್ನುತ್ತಿದ್ದಾರೆ. ಆದರೆ ಆ ಸಲಹೆಯಿಂದ ಏನೂ ಆಗುತ್ತಿಲ್ಲ ಎನ್ನುವ ನಿಮ್ಮ ಅನುಭವವೂ ನಿಜ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿ ಒಂದು ಪ್ರಯೋಗ ಮಾಡಿದರು. ಐದು ನಿಮಿಷ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುತ್ತಾ ಹೋಗಬೇಕು, ಬಿಳಿ ಕರಡಿಯನ್ನು ಮಾತ್ರ ನೆನೆಯಬಾರದು, ನೆನಪಾದರೆ ಗಂಟೆ ಬಾರಿಸಬೇಕು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ ‘ಈಗ ಕರಡಿಯನ್ನು ನೆನೆಯಬಹುದು’ ಅಂದಾಗ, ಮೊದಲು ತಡೆಹಿಡಿದಿದ್ದವರ ತಲೆಗೆ ಅದು ಇನ್ನೂ ಜೋರಾಗಿ ನುಗ್ಗಿತು, ಮೊದಲಿನಿಂದಲೂ ನೆನೆಯಲು ಬಿಟ್ಟಿದ್ದವರಿಗಿಂತ ಹೆಚ್ಚು ಸಲ. ಒಂದು ಯೋಚನೆಯನ್ನು ಹೊರಗಿಡಬೇಕಾದರೆ ಅದು ಬಂತೇ ಎಂದು ಮನಸ್ಸು ಆಗಾಗ ಇಣುಕಿ ನೋಡಬೇಕಾಗುತ್ತದೆ, ಇಣುಕಿದಾಗಲೆಲ್ಲ ಅದೇ ಎದುರಿಗೆ ನಿಂತಿರುತ್ತದೆ.

ಹಾಗಾಗಿ ಆ ತಾಯಿಯ ಮಾತು ನೆನಪಾಗದಂತೆ ಮಾಡುವ ಪ್ರಯತ್ನವನ್ನು ಇವತ್ತೇ ಕೈಬಿಡಿ. ನೆನಪಾಗುವುದು ನಿಮ್ಮ ಕೈಯಲ್ಲಿಲ್ಲ. ನೆನಪಾದ ಮೇಲೆ ಅದನ್ನು ಹಿಡಿದುಕೊಂಡು ಎರಡು ಗಂಟೆ ಕೂರುತ್ತೀರಲ್ಲ, ಅದು ಅಭ್ಯಾಸ. ವರ್ಷಗಟ್ಟಲೆ ಕಲಿತ ಅಭ್ಯಾಸವಾದ್ದರಿಂದ ಬದಲಿಸಲು ಸಮಯ ಬೇಕು, ಆದರೆ ಬದಲಿಸಬಹುದು. ನಾನು ಮುಂದೆ ಬರೆಯುವುದೆಲ್ಲ ಈ ಎರಡನೆಯದರ ಬಗ್ಗೆ.

ನಿಮ್ಮ ಪತ್ರವನ್ನು ಓದುವಾಗ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಆ ತಾಯಿ ಹೇಳಿದ್ದು ತನ್ನ ಮಗನ ಬಗ್ಗೆ. ಹುಡುಗ ತರಗತಿಯಲ್ಲಿ ಮಾತಾಡುತ್ತಿಲ್ಲ ಎಂದು. ಮೂರು ವಾರ ನೀವು ಹಗಲು ರಾತ್ರಿ ಯೋಚಿಸಿದ್ದೀರಿ: ನಿಮ್ಮ ಯೋಗ್ಯತೆ, ಹೆಡ್‌ಮಿಸ್, ಕೆಲಸ, ಸಾಲದ ಕಂತು. ಆ ಹುಡುಗ ಎಲ್ಲಿ ಹೋದ? ಅವನು ಎಲ್ಲ ತರಗತಿಗಳಲ್ಲೂ ಸುಮ್ಮನಿರುತ್ತಾನೋ ನಿಮ್ಮದರಲ್ಲಿ ಮಾತ್ರವೋ, ಯಾವ ಬೆಂಚಿನಲ್ಲಿ ಕೂರುತ್ತಾನೆ, ಪಕ್ಕದಲ್ಲಿ ಯಾರು, ಆಟದ ಮೈದಾನದಲ್ಲಿ ಹೇಗಿರುತ್ತಾನೆ, ಇಂಗ್ಲಿಷ್‌ನಲ್ಲಿ ಉತ್ತರಿಸಲು ಹೆದರುತ್ತಾನೋ? ಇದನ್ನು ತಪ್ಪು ಹೊರಿಸಲು ಹೇಳುತ್ತಿಲ್ಲ. ನೀವು ಮಕ್ಕಳ ಬಗ್ಗೆ ಕಾಳಜಿ ಇಲ್ಲದವರಾಗಿದ್ದರೆ ಆ ಮಾತು ಇಷ್ಟು ನೋಯಿಸುತ್ತಲೇ ಇರಲಿಲ್ಲ. ಅತಿಯೋಚನೆ ಮಾಡುವ ಕೆಲಸವೇ ಹೀಗೆ. ಎದುರಿಗಿರುವ, ಕೈಗೆಟಕುವ ಸಮಸ್ಯೆಯೊಂದನ್ನು ಎತ್ತಿಕೊಂಡು, ನೋಡನೋಡುತ್ತಿದ್ದಂತೆ ಅದನ್ನು ‘ನಾನು ಎಂಥವಳು’ ಎಂಬ ಉತ್ತರವಿಲ್ಲದ ಪ್ರಶ್ನೆಯಾಗಿ ಬದಲಿಸಿಬಿಡುತ್ತದೆ. ಹಿಟ್ಟಿಲ್ಲದ ಒರಳಲ್ಲಿ ಗುಂಡು ತಿರುಗಿಸಿದ ಹಾಗೆ: ಸದ್ದು ಬರುತ್ತದೆ, ತೋಳು ಸೋಲುತ್ತದೆ, ರುಬ್ಬಿದ್ದು ಏನೂ ಇಲ್ಲ.

ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಎಡ್ವರ್ಡ್ ವಾಟ್ಕಿನ್ಸ್ ಬಹಳ ವರ್ಷ ಇದನ್ನೇ ಅಧ್ಯಯನ ಮಾಡಿ, ಮೆಲುಕು ಹಾಕುವ ಅಭ್ಯಾಸಕ್ಕೆಂದೇ ಒಂದು ಚಿಕಿತ್ಸಾಕ್ರಮ ರೂಪಿಸಿದ್ದಾರೆ. ಅವರು ಕಂಡದ್ದು ಇಷ್ಟು: ಒಂದೇ ಕಷ್ಟದ ಬಗ್ಗೆ ಇಬ್ಬರು ಅಷ್ಟೇ ಹೊತ್ತು ಯೋಚಿಸಿದರೂ ಒಬ್ಬರು ಕುಗ್ಗುತ್ತಾರೆ, ಇನ್ನೊಬ್ಬರು ದಾರಿ ಕಾಣುತ್ತಾರೆ. ವ್ಯತ್ಯಾಸ ಇರುವುದು ಯೋಚಿಸುವ ರೀತಿಯಲ್ಲಿ. ‘ನನಗೇ ಯಾಕೆ ಹೀಗೆ, ನಾನ್ಯಾಕೆ ಹೀಗೆ’ ಎಂಬ ದೊಡ್ಡ, ಮಸುಕು ಪ್ರಶ್ನೆಗಳು ಕೆಳಕ್ಕೆಳೆಯುತ್ತವೆ. ‘ಅಲ್ಲಿ ನಿಜವಾಗಿ ನಡೆದದ್ದೇನು, ಮುಂದೆ ಮಾಡಬಹುದಾದ ಒಂದು ಚಿಕ್ಕ ಕೆಲಸ ಯಾವುದು, ಅದನ್ನು ಹೇಗೆ ಮಾಡಲಿ’ ಎಂಬ ನಿರ್ದಿಷ್ಟ ಪ್ರಶ್ನೆಗಳು ಬಿಡುಗಡೆ ಕೊಡುತ್ತವೆ. ನಮ್ಮಲ್ಲಿ ‘ಯಾಕೆ’ ಎಂದು ಆಳವಾಗಿ ಕೇಳಿಕೊಳ್ಳುವವರಿಗೆ ಗೌರವ ಜಾಸ್ತಿ. ಆತ್ಮಾವಲೋಕನ ದೊಡ್ಡ ಗುಣವೇ. ಆದರೆ ದಣಿದ ಮನಸ್ಸು ರಾತ್ರಿ ಎರಡು ಗಂಟೆಗೆ ಕೇಳುವ ‘ಯಾಕೆ’ಗೆ ತನ್ನನ್ನೇ ದೂರುವ ಉತ್ತರ ಬಿಟ್ಟು ಬೇರೆ ಸಿಗುವುದಿಲ್ಲ.

ನಿಮ್ಮ ವಿಷಯದಲ್ಲಿ ಇದನ್ನು ಹೀಗೆ ಮಾಡಿ. ಆ ಸಭೆಯ ಆ ಎರಡು ನಿಮಿಷವನ್ನು ಕ್ಯಾಮೆರಾ ಹಿಡಿದವರು ನೋಡುವಷ್ಟೇ ಬರೆಯಿರಿ. ತಾಯಿ ಬಂದರು, ಕುರ್ಚಿಯಲ್ಲಿ ಕೂತರು, ಈ ವಾಕ್ಯ ಹೇಳಿದರು, ನಾನು ಇಂಥ ಉತ್ತರ ಕೊಟ್ಟೆ, ಅವರು ಎದ್ದು ಹೋದರು. ‘ಕೋಪದಿಂದ ನೋಡಿದರು’ ಎಂದು ಬರೆಯಬೇಡಿ. ಕೋಪ ಕ್ಯಾಮೆರಾದಲ್ಲಿ ಕಾಣದು, ಹುಬ್ಬು ಗಂಟಿಕ್ಕಿದ್ದು ಕಾಣುತ್ತದೆ, ಬೇಕಾದರೆ ಅದನ್ನು ಬರೆಯಿರಿ. ಮೂರು ವಾರ ತಲೆಯಲ್ಲಿ ಬೆಳೆದ ಕಥೆ ಹೀಗೆ ಬರೆಯುವಾಗ ಆರೇಳು ಸಾಲಿಗೆ ಇಳಿಯುವುದನ್ನು ನೀವೇ ನೋಡುತ್ತೀರಿ. ಅದರ ಕೆಳಗೆ ಒಂದೇ ಕೆಲಸ ಬರೆಯಿರಿ, ದಿನ ಮತ್ತು ಹೊತ್ತಿನ ಸಮೇತ: ‘ಸೋಮವಾರ ಮೂರನೇ ಪೀರಿಯಡ್ ಮುಗಿದ ಮೇಲೆ ಗಣಿತದ ಮೇಷ್ಟ್ರನ್ನು ಕೇಳುವುದು, ಹುಡುಗ ಅವರ ತರಗತಿಯಲ್ಲಿ ಹೇಗೆ?’ ಅಷ್ಟು ಸಾಕು.

ಈಗ, ಇದು ನಿಮ್ಮನ್ನು ಯಾಕೆ ಇಷ್ಟು ಗಟ್ಟಿಯಾಗಿ ಹಿಡಿದಿದೆ ಎಂದು. ಅತಿಯಾಗಿ ಯೋಚಿಸುವವರಲ್ಲಿ ಬಹಳ ಜನಕ್ಕೆ ಒಳಗೊಳಗೇ ಒಂದು ನಂಬಿಕೆ ಇರುತ್ತದೆ: ಯೋಚಿಸಿದ್ದರಿಂದಲೇ ನಾನು ಇಷ್ಟಾದರೂ ಸರಿಯಾಗಿದ್ದೇನೆ, ಯೋಚಿಸುವುದು ಬಿಟ್ಟರೆ ಏನೋ ಎಡವಟ್ಟಾಗುತ್ತದೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಏಡ್ರಿಯನ್ ವೆಲ್ಸ್ ತಮ್ಮ ಚಿಕಿತ್ಸೆಯಲ್ಲಿ ಅಲುಗಾಡಿಸುವ ನಂಬಿಕೆಗಳಲ್ಲಿ ಇದೂ ಒಂದು. ನಮ್ಮ ಮನೆಗಳಲ್ಲಂತೂ ಚಿಂತೆ ಮಾಡುವುದೇ ಪ್ರೀತಿಯ ಗುರುತು. ಮಗ ಮನೆ ಮುಟ್ಟುವವರೆಗೆ ಊಟ ಮಾಡದೆ ಬಾಗಿಲು ಕಾಯುವ ತಾಯಿಯನ್ನು ಎಲ್ಲರೂ ಹೊಗಳುತ್ತಾರೆ, ಉಂಡು ಮಲಗಿದವಳಿಗೆ ‘ಇವಳಿಗೇನು ಚಿಂತೆ ಇಲ್ಲ’ ಎಂಬ ಮಾತು. ಹೆಣ್ಣುಮಕ್ಕಳು ಇದನ್ನು ನೋಡುತ್ತಲೇ ದೊಡ್ಡವರಾಗುತ್ತಾರೆ. ಆಮೇಲೆ ಚಿಂತಿಸದೆ ಒಂದು ಗಂಟೆ ಕಳೆದರೆ ಏನೋ ತಪ್ಪು ಮಾಡಿದ ಭಾವ ಬರುತ್ತದೆ.

ಚಿಂತೆ ಪಟ್ಟ ಸಂಗತಿ ನಡೆಯದೆ ಹೋದಾಗ ಆ ಕೀರ್ತಿಯೂ ಚಿಂತೆಗೇ ಸಲ್ಲುತ್ತದೆ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರಿಬ್ಬರು, ಆತಂಕದ ಕಾಯಿಲೆ ಇರುವವರಿಂದಲೇ ಅವರವರ ಚಿಂತೆಗಳನ್ನು ದಿನವೂ ಬರೆಯಿಸಿ, ಅವುಗಳಲ್ಲಿ ಯಾವುದು ನಿಜವಾಯಿತು ಎಂದು ಒಂದು ತಿಂಗಳು ಗುರುತು ಹಾಕಿಸಿದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನೂರಕ್ಕೆ 91ರಷ್ಟು ಚಿಂತೆಗಳು ನಿಜವಾಗಲೇ ಇಲ್ಲ. ಅಧ್ಯಯನ ಚಿಕ್ಕದು, ಭಾಗವಹಿಸಿದವರು ಕೆಲವರೇ. ಆದರೆ ನನಗೆ ಮುಖ್ಯವೆನಿಸುವುದು ಆ ಸಂಖ್ಯೆಗಿಂತ ಅವರು ಮಾಡಿಸಿದ ಕೆಲಸ. ನೀವೂ ಅದನ್ನು ಮಾಡಬಹುದು. ಚಿಂತೆಯನ್ನು ‘ಏನಾಗುತ್ತದೋ’ ಎಂದು ತೇಲಿಸಿ ಬಿಡದೆ, ‘ಈ ತಿಂಗಳ ಕೊನೆಯೊಳಗೆ ಹೆಡ್‌ಮಿಸ್ ಕರೆದು ಬೈಯುತ್ತಾರೆ’ ಎಂದು ಪರೀಕ್ಷಿಸಬಹುದಾದ ವಾಕ್ಯವಾಗಿ ಬರೆದು ತಾರೀಖು ಹಾಕಿ. ತಿಂಗಳ ಕೊನೆಗೆ ತೆರೆದು ನೋಡಿ. ಇತರರು ‘ಏನೂ ಆಗಲ್ಲ ಬಿಡು’ ಎಂದಾಗ ಬಾರದ ನೆಮ್ಮದಿ, ನಿಮ್ಮದೇ ಅಕ್ಷರದಲ್ಲಿ ಹುಸಿಯಾದ ಭವಿಷ್ಯವನ್ನು ಓದಿದಾಗ ಬರುತ್ತದೆ.

ಯೋಚನೆಯ ಅಭ್ಯಾಸ ಕಷ್ಟಕಾಲದಲ್ಲಿ ಎಷ್ಟು ಭಾರವಾಗುತ್ತದೆ ಎಂಬುದಕ್ಕೆ ಒಂದು ಹಳೆಯ ಅಧ್ಯಯನವನ್ನು ನಾನು ಆಗಾಗ ಹೇಳುತ್ತೇನೆ. 1989ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಭೂಕಂಪವಾಯಿತು. ಅದಕ್ಕೆ ಎರಡು ವಾರ ಮೊದಲು ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೊಕ್ಸೆಮಾ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ, ಬೇಸರವಾದಾಗ ನೀವು ಏನು ಮಾಡುತ್ತೀರಿ ಎಂದು ಪ್ರಶ್ನಾವಳಿ ತುಂಬಿಸಿಕೊಂಡಿದ್ದರು. ಭೂಕಂಪದ ನಂತರ ಅವರನ್ನೇ ಮತ್ತೆ ವಿಚಾರಿಸಿದಾಗ, ಮೊದಲೇ ಮೆಲುಕು ಹಾಕುವ ಅಭ್ಯಾಸವಿದ್ದವರಲ್ಲಿ ಏಳು ವಾರವಾದರೂ ಖಿನ್ನತೆಯ ಲಕ್ಷಣಗಳು ಹೆಚ್ಚು ಉಳಿದಿದ್ದವು. ಆದ್ದರಿಂದ, ಈಗ ನಿಮ್ಮ ಬದುಕು ಹೆಚ್ಚುಕಮ್ಮಿ ಸಮತಟ್ಟಾಗಿರುವಾಗಲೇ ಇದನ್ನು ಸರಿಪಡಿಸಿಕೊಳ್ಳಲು ಬರೆದಿದ್ದೀರಲ್ಲ, ಒಳ್ಳೆಯದಾಯಿತು.

ಇನ್ನು ಕೆಲಸದ ಮಾತು. ನಾನು ಎಲ್ಲರಿಗೂ ಮೊದಲು ಹೇಳಿಕೊಡುವುದು ಚಿಂತೆಗೆ ಸಮಯ ಗೊತ್ತುಮಾಡುವುದನ್ನು. ಕೇಳಲು ಮಕ್ಕಳಾಟದಂತಿದ್ದರೂ ಇದು ಗಟ್ಟಿ ಉಪಾಯ. 1983ರಲ್ಲಿ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ ಪ್ರಕಟಿಸಿದ ಮೇಲೆ ಇಂದಿಗೂ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ದಿನಕ್ಕೆ ಅರ್ಧ ಗಂಟೆ, ಅದೇ ಹೊತ್ತು, ಅದೇ ಜಾಗ. ನಿಮಗೆ ಶಾಲೆ ಮುಗಿದು ಮನೆ ಸೇರಿ ಮುಖ ತೊಳೆದ ಮೇಲೆ, ಸಂಜೆ ಐದೂವರೆಯಿಂದ ಆರು ಸರಿಹೋಗಬಹುದು. ಜಾಗ ಹಾಸಿಗೆ ಆಗಬಾರದು, ದಿನವೂ ಕೂತು ಟಿವಿ ನೋಡುವ ಸೋಫಾ ಕೂಡ ಬೇಡ. ಚಾವಣಿಯ ಮೆಟ್ಟಿಲು, ಹಿತ್ತಿಲ ಕಲ್ಲು, ಬಳಸದ ಒಂದು ಕುರ್ಚಿ, ಯಾವುದಾದರೂ ಸರಿ. ಒಂದು ನೋಟ್‌ಬುಕ್ ಇರಲಿ.

ಉಳಿದ ಹೊತ್ತಿನಲ್ಲಿ ಯೋಚನೆ ಬಂದರೆ ಓಡಿಸಬೇಡಿ, ಅದರ ಜೊತೆ ವಾದಕ್ಕೂ ಇಳಿಯಬೇಡಿ. ‘ಬಂದೆಯಾ, ಸರಿ, ಐದೂವರೆಗೆ ನೋಡೋಣ’ ಎಂದುಕೊಂಡು, ಅದನ್ನು ಪಟ್ಟಿಯಲ್ಲಿ ಒಂದು ಪದದಲ್ಲಿ ಗುರುತು ಹಾಕಿಕೊಂಡು ಕೈಯಲ್ಲಿದ್ದ ಕೆಲಸಕ್ಕೆ ಮರಳಿ. ಮತ್ತೆ ಬರುತ್ತದೆ, ಮತ್ತೆ ಮರಳಿ. ಮೊದಲ ವಾರ ದಿನಕ್ಕೆ ಎಷ್ಟೋ ಸಲ ಹೀಗೆ ಮಾಡಬೇಕಾಗುತ್ತದೆ, ಅದು ಸೋಲಲ್ಲ. ಆ ಮರಳುವಿಕೆಯೇ ಇಲ್ಲಿನ ವ್ಯಾಯಾಮ. ‘ಯೋಚಿಸಬೇಡ’ ಎನ್ನುವುದಕ್ಕೂ ‘ಆಮೇಲೆ ಯೋಚಿಸು’ ಎನ್ನುವುದಕ್ಕೂ ಮನಸ್ಸು ಬೇರೆ ಬೇರೆಯಾಗಿ ಪ್ರತಿಕ್ರಿಯಿಸುತ್ತದೆ. ಮೊದಲನೆಯದನ್ನು ಧಿಕ್ಕರಿಸುತ್ತದೆ, ಎರಡನೆಯದಕ್ಕೆ ಸಾಮಾನ್ಯವಾಗಿ ಒಪ್ಪುತ್ತದೆ.

ಐದೂವರೆಗೆ ಕೂತಾಗ ಪಟ್ಟಿ ತೆರೆಯಿರಿ. ಅದರಲ್ಲಿ ಅರ್ಧಕ್ಕರ್ಧ ವಿಷಯಗಳಿಗೆ ಆ ಹೊತ್ತಿಗೆ ಕಾವೇ ಇರುವುದಿಲ್ಲ, ಗೀಟು ಹಾಕಿ. ಉಳಿದವನ್ನು ಎರಡು ಮಾಡಿ: ನಾನು ಏನಾದರೂ ಮಾಡಬಹುದಾದದ್ದು, ಮಾಡಲಾಗದ್ದು. ಮಾಡಬಹುದಾದದ್ದಕ್ಕೆ ಮುಂದಿನ ಹೆಜ್ಜೆ ಬರೆಯಿರಿ. ಮಾಡಲಾಗದ್ದನ್ನು, ಉದಾಹರಣೆಗೆ ಆ ತಾಯಿ ಮನಸ್ಸಿನಲ್ಲಿ ನಿಮ್ಮ ಬಗ್ಗೆ ಏನೆಂದುಕೊಂಡರು ಎಂಬುದನ್ನು, ಬೇಕಾದಷ್ಟು ಚಿಂತಿಸಿ, ಮನಸಾರೆ ಚಿಂತಿಸಿ, ಆರು ಗಂಟೆಗೆ ಅಲಾರಂ ಹೊಡೆದ ತಕ್ಷಣ ಎದ್ದುಬಿಡಿ. ಎದ್ದ ಕೂಡಲೇ ಕೈ ಕಾಲು ಆಡುವ ಕೆಲಸವೊಂದು ಕಾದಿರಲಿ: ಗಿಡಕ್ಕೆ ನೀರು, ಅಂಗಡಿಗೆ ನಡಿಗೆ, ರಾತ್ರಿಯ ಅಡುಗೆಗೆ ತರಕಾರಿ. ಜನ ಎಡವುವ ಜಾಗ ಒಂದಿದೆ. ಎರಡು ದಿನ ಮನಸ್ಸು ಹಗುರಾಗಿದ್ದರೆ ‘ಇವತ್ತು ಚಿಂತೆಯೇ ಇಲ್ಲ, ಕೂರುವುದು ಬೇಡ’ ಎಂದು ಬಿಡುತ್ತಾರೆ. ಹಾಗೆ ಬಿಟ್ಟರೆ, ಮುಂದಿನ ಸಲ ‘ಐದೂವರೆಗೆ’ ಎಂದಾಗ ಮನಸ್ಸು ನಿಮ್ಮನ್ನು ನಂಬುವುದಿಲ್ಲ. ಚಿಂತೆ ಇರಲಿ ಇಲ್ಲದಿರಲಿ, ಒಂದು ತಿಂಗಳು ಕೂತೇ ಕೂರಿ.

ವಾಟ್ಸಾಪ್ ವಿಷಯ ಇದರ ಅಣ್ಣತಮ್ಮನೇ. ಮೆಸೇಜನ್ನು ಮತ್ತೆ ಮತ್ತೆ ಓದುವುದು, ಅಳಿಸುವುದು, ನೀಲಿ ಗುರುತು ಬಂತೇ ಎಂದು ನೋಡುವುದು, ಮನೆಯವರನ್ನು ‘ನಾನು ಹಾಗಂದದ್ದು ತಪ್ಪಾಯ್ತಾ?’ ಎಂದು ಕೇಳುವುದು, ಇವೆಲ್ಲ ಒಂದೇ ಕೆಲಸ ಮಾಡುತ್ತವೆ. ಹತ್ತು ನಿಮಿಷ ಸಮಾಧಾನ ಕೊಟ್ಟು, ಹನ್ನೊಂದನೇ ನಿಮಿಷಕ್ಕೆ ಇನ್ನೊಂದು ಸಮಾಧಾನ ಬೇಕೆನಿಸುತ್ತವೆ. ಪರಿಶೀಲಿಸಿದ್ದರಿಂದಲೇ ಪಾರಾದೆ ಎಂದು ಮನಸ್ಸು ಕಲಿಯುತ್ತದೆ, ಪರಿಶೀಲಿಸದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಕಲಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಸಹೋದ್ಯೋಗಿಗಳ ಗುಂಪಿನಲ್ಲಿ ಬರೆಯುವಾಗ ಕಳಿಸುವ ಮೊದಲು ಒಂದು ಸಲ ಓದಿ, ಕಳಿಸಿ, ಫೋನನ್ನು ಬೇರೆ ಕೋಣೆಯಲ್ಲಿಡಿ. ಅಳಿಸುವುದನ್ನು ಪೂರ್ತಿ ನಿಲ್ಲಿಸಿ. ಅಳಿಸಿದ ಗುರುತು ಅಲ್ಲಿ ಉಳಿದು, ಇಲ್ಲದ ಕುತೂಹಲವನ್ನು ಹುಟ್ಟಿಸುತ್ತದೆ. ಮೊದಲ ದಿನಗಳಲ್ಲಿ ಎದೆ ಹೊಡೆದುಕೊಳ್ಳುತ್ತದೆ. ಏನೂ ಮಾಡದೆ ಇದ್ದರೆ ಆ ಚಡಪಡಿಕೆ ತಾನಾಗಿ ಇಳಿಯುತ್ತದೆ, ಪ್ರತಿ ಸಲ ಸ್ವಲ್ಪ ಬೇಗ ಇಳಿಯುತ್ತದೆ.

ಮನೆಯವರಿಗೂ ಒಂದು ಕೆಲಸ ಕೊಡಿ. ಈ ಉತ್ತರವನ್ನು ಅವರಿಗೆ ಓದಲು ಹೇಳಿ. ನೀವು ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದಾಗ ಅವರು ಬೈಯುವುದೂ ಬೇಡ, ‘ಇಲ್ಲ ಇಲ್ಲ, ನೀನು ಸರಿಯಾಗೇ ಹೇಳಿದ್ದೀಯ’ ಎಂದು ಭರವಸೆ ಕೊಡುವುದೂ ಬೇಡ. ‘ಇದು ಐದೂವರೆ ಪುಸ್ತಕಕ್ಕೆ ಸೇರಿದ್ದಲ್ವಾ?’ ಎಂದು ಮೆತ್ತಗೆ ನೆನಪಿಸಿದರೆ ಸಾಕು.

ಪರೀಕ್ಷೆಯ ವಿಷಯಕ್ಕೆ ಬೇರೆಯೇ ಮದ್ದು. ಎರಡು ವರ್ಷ ಯೋಚಿಸಿಯೂ ತೀರ್ಮಾನವಾಗಿಲ್ಲ ಎಂದರೆ ಬೇಕಾದ ಮಾಹಿತಿ ನಿಮ್ಮ ತಲೆಯೊಳಗೆ ಇಲ್ಲ ಎಂದರ್ಥ. ಅದು ಹೊರಗಿದೆ. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತೆಗೆದುಕೊಂಡು ಈ ಭಾನುವಾರ ಗಡಿಯಾರ ಇಟ್ಟು ಬರೆಯಿರಿ. ಎಷ್ಟು ಅಂಕ ಬರುತ್ತದೆ, ಯಾವ ವಿಷಯ ಹಿಂದಿದೆ, ಓದಲು ಕೂತಾಗ ಮನಸ್ಸು ಅರಳುತ್ತದೋ ಮುದುಡುತ್ತದೋ, ಮೂರೂ ಒಂದೇ ಬೆಳಿಗ್ಗೆ ತಿಳಿಯುತ್ತದೆ. ಕಳೆದ ನೇಮಕಾತಿಯಲ್ಲಿ ಆಯ್ಕೆಯಾದ ಒಬ್ಬರನ್ನು ಹುಡುಕಿ ಮಾತಾಡಿಸಿ. ಆಮೇಲೆ ಆರು ವಾರ ಓದಿ ನೋಡುವ ತೀರ್ಮಾನ ಮಾಡಿ. ಜೀವನಪೂರ್ತಿಯ ತೀರ್ಮಾನ ಈಗ ಬೇಡ. ಪರೀಕ್ಷೆ ಬರೆದು ಆಯ್ಕೆಯಾದ ಮೇಲೂ ‘ಹೋಗಲ್ಲ’ ಎನ್ನುವ ಹಕ್ಕು ನಿಮಗೆ ಇದ್ದೇ ಇರುತ್ತದೆ. ಹಿಂದಕ್ಕೆ ಬರಬಹುದಾದ ಹೆಜ್ಜೆಗೆ ಹಿಂದಕ್ಕೆ ಬರಲಾಗದ ಹೆಜ್ಜೆಯಷ್ಟು ಯೋಚನೆ ಖರ್ಚು ಮಾಡುವುದು ಬೇಡ. ಎಲ್ಲಕ್ಕಿಂತ ಉತ್ತಮವಾದದ್ದನ್ನು ಹುಡುಕುವ ಬದಲು ನಮಗೆ ಸಾಕಾಗುವಷ್ಟು ಒಳ್ಳೆಯದನ್ನು ಆರಿಸಿ ಮುಂದೆ ಹೋಗುವುದು ಜಾಣತನವೇ ಎಂದು ಮುಂದೆ ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ 1950ರ ದಶಕದಲ್ಲೇ ವಾದಿಸಿದ್ದರು.

ರಾತ್ರಿಯ ಬಗ್ಗೆ ಚುಟುಕಾಗಿ. ಮಲಗುವ ಮುನ್ನ ಐದು ನಿಮಿಷ, ನಾಳೆ ಮಾಡಬೇಕಾದ ಕೆಲಸಗಳನ್ನು ವಿವರವಾಗಿ ಬರೆಯಿರಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ 2018ರ ಪ್ರಯೋಗವೊಂದರಲ್ಲಿ ಹೀಗೆ ಬರೆದವರು, ಮುಗಿಸಿದ ಕೆಲಸಗಳ ಬಗ್ಗೆ ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಎರಡಕ್ಕೆ ಎಚ್ಚರವಾಗಿ ಅಂದಾಜು ಇಪ್ಪತ್ತು ನಿಮಿಷ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಮಂದ ಬೆಳಕಿನಲ್ಲಿ ಕೂತು, ಕಣ್ಣೆಳೆದಾಗ ಮರಳಿ. ಗಡಿಯಾರ ನೋಡಬೇಡಿ, ಫೋನ್ ಮುಟ್ಟಬೇಡಿ. ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆಯ ಫಿಲ್ಟರ್ ಕಾಫಿಯನ್ನು ಮಧ್ಯಾಹ್ನಕ್ಕೆ ತಳ್ಳಿ. ರಾತ್ರಿ ಎರಡರ ತೀರ್ಮಾನ ಯಾವುದನ್ನೂ ನಂಬಬೇಡಿ. ಆ ಹೊತ್ತಿನಲ್ಲಿ ರಾಜೀನಾಮೆ ಪತ್ರ ಬರೆದವರನ್ನು ನಾನು ಕಂಡಿದ್ದೇನೆ.

‘ಧ್ಯಾನ ಮಾಡು’ ಎಂದೂ ಯಾರಾದರೂ ಹೇಳಿರುತ್ತಾರೆ. ಧ್ಯಾನ, ಪ್ರಾಣಾಯಾಮ ಎರಡೂ ಒಳ್ಳೆಯವು. ಯೋಚನೆ ಬಂದಾಗ ಗಮನಿಸಿ ಉಸಿರಿಗೆ ಮರಳುವುದನ್ನು ಕಲಿಸಿದರೆ ಅದು ಮೇಲೆ ಹೇಳಿದ ವ್ಯಾಯಾಮವೇ. ಆದರೆ ಯೋಚನೆಗಳೇ ಇಲ್ಲದ ಸ್ಥಿತಿಗೆ ತಲುಪಲೇಬೇಕೆಂದು ಹಠ ಹಿಡಿದು ಕೂತರೆ, ನಿಮ್ಮಂಥವರಿಗೆ ಅದು ಇನ್ನೊಂದು ಪರೀಕ್ಷೆಯಾಗುತ್ತದೆ.

ಕಾಯಿಲೆಯೇ ಎಂದು ಕೇಳಿದ್ದೀರಿ. ಅತಿಯೋಚನೆ ತಾನೇ ಒಂದು ಕಾಯಿಲೆಯಲ್ಲ, ಆದರೆ ಕೆಲವು ಕಾಯಿಲೆಗಳ ಮುಖ್ಯ ಲಕ್ಷಣ. ಆರು ತಿಂಗಳಿಗೂ ಹೆಚ್ಚು ಕಾಲ, ಹೆಚ್ಚಿನ ದಿನಗಳಲ್ಲಿ, ಹಲವು ವಿಷಯಗಳ ಬಗ್ಗೆ ಹಿಡಿತಕ್ಕೆ ಸಿಗದ ಚಿಂತೆ, ಜೊತೆಗೆ ದಣಿವು, ಸಿಡುಕು, ಮೈಕೈ ಬಿಗಿತ, ಏಕಾಗ್ರತೆ ತಪ್ಪುವುದು, ನಿದ್ದೆಗೇಡು ಇದ್ದರೆ ಅದನ್ನು ಸಾಮಾನ್ಯೀಕೃತ ಆತಂಕದ ಕಾಯಿಲೆ ಎನ್ನುತ್ತೇವೆ. ನೀವು ಬರೆದ ‘ಒಂದು ವರ್ಷ’ ಮತ್ತು ನಿದ್ದೆಯ ತೊಂದರೆ ನೋಡಿದರೆ ಒಮ್ಮೆ ಎದುರಿಗೆ ಕೂತು ತಪಾಸಣೆ ಮಾಡಿಸಿಕೊಳ್ಳುವುದು ಅಗತ್ಯ ಎಂದು ನನ್ನ ಅಭಿಪ್ರಾಯ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೂ ಇಂಥ ತಳಮಳ ಬರುತ್ತದೆ, ರಕ್ತಪರೀಕ್ಷೆ ಮಾಡಿಸಿ. ಎರಡು ವಾರಕ್ಕೂ ಹೆಚ್ಚು ಯಾವುದರಲ್ಲೂ ಆಸಕ್ತಿಯಿಲ್ಲದೆ ಮನಸ್ಸು ಕುಸಿದಿದ್ದರೆ ಅದು ಖಿನ್ನತೆ ಇರಬಹುದು. ಬೇಡವೆಂದರೂ ನುಗ್ಗುವ ಭಯಾನಕ ಯೋಚನೆ, ಅದನ್ನು ತಣಿಸಲು ಎಣಿಸುವುದು, ತೊಳೆಯುವುದು, ಮನಸ್ಸಿನಲ್ಲೇ ಮಂತ್ರದಂತೆ ಏನನ್ನೋ ಪುನರಾವರ್ತಿಸುವುದು ಇದ್ದರೆ ಅದು ಗೀಳು ಕಾಯಿಲೆ. ಅದಕ್ಕೆ ನಾನು ಹೇಳಿದ ಅರ್ಧ ಗಂಟೆಯ ಉಪಾಯ ಸಾಲದು, ಬೇರೆ ಚಿಕಿತ್ಸೆ ಬೇಕು.

ಮಾತ್ರೆ ಎಲ್ಲರಿಗೂ ಬೇಕಾಗುವುದಿಲ್ಲ. ಸೌಮ್ಯ ತೊಂದರೆಗೆ ಮಾತಿನ ಚಿಕಿತ್ಸೆ, ಅಂದರೆ ಅರಿವು-ನಡವಳಿಕೆ ಚಿಕಿತ್ಸೆ, ಎಷ್ಟೋ ಸಲ ಸಾಕಾಗುತ್ತದೆ. ತೀವ್ರವಿದ್ದರೆ ಮನೋವೈದ್ಯರು ಆತಂಕ, ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಎಂಬ ವರ್ಗದ ಔಷಧಿ ಬರೆಯಬಹುದು. ಅದರ ಪರಿಣಾಮ ಕಾಣಲು ಕೆಲವು ವಾರ ಬೇಕು, ಮಧ್ಯದಲ್ಲಿ ತಾವಾಗಿ ನಿಲ್ಲಿಸಬಾರದು. ಆದರೆ ಮೆಡಿಕಲ್ ಅಂಗಡಿಯಲ್ಲಿ ಕೇಳಿ ಪಡೆಯುವ, ಪಕ್ಕದ ಮನೆಯವರು ‘ಒಂದು ತಗೋ, ನಿದ್ದೆ ಬರುತ್ತೆ’ ಎಂದು ಕೊಡುವ ಆಲ್ಪ್ರಜೋಲಮ್‌ನಂಥ ಮಾತ್ರೆಯನ್ನು ದಯವಿಟ್ಟು ಮುಟ್ಟಬೇಡಿ. ಅದು ಅಭ್ಯಾಸವಾಗಿಬಿಡುತ್ತದೆ, ಬಿಡಿಸುವುದು ಕಷ್ಟ.

ಎಲ್ಲಿಗೆ ಹೋಗಲಿ ಎಂದರೆ, ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಂದಲೇ ಶುರು ಮಾಡಬಹುದು. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡುವ ರಾಷ್ಟ್ರೀಯ ಯೋಜನೆ ಹುಟ್ಟಿದ್ದೇ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಮಾದರಿಯಿಂದ. ಹೋಗಲು ಹಿಂಜರಿಕೆ ಇದ್ದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ‘ಬದುಕೇ ಬೇಡ’ ಎಂಬ ಯೋಚನೆ ಒಮ್ಮೆಯಾದರೂ ಬಂದಿದ್ದರೆ ಮೇಲಿನ ಯಾವ ಅಭ್ಯಾಸಕ್ಕೂ ಕಾಯಬೇಡಿ, ಅವತ್ತೇ ಕರೆ ಮಾಡಿ, ಮನೆಯವರಿಗೂ ಹೇಳಿ. ವೈದ್ಯರ ಬಳಿ ಹೋಗುವಾಗ ನಿಮ್ಮ ಸಂಜೆಯ ನೋಟ್‌ಬುಕ್ಕನ್ನು ಒಯ್ಯಿರಿ. ಯಾವ ಯೋಚನೆ, ಎಷ್ಟು ಹೊತ್ತು, ಯಾವ ದಿನ ನಿದ್ದೆಗೆಟ್ಟಿತು ಎಂಬುದು ಅದರಲ್ಲಿ ಇದ್ದರೆ ಮೊದಲ ಭೇಟಿಯಲ್ಲೇ ಅವರಿಗೆ ಸರಿಯಾದ ಚಿತ್ರ ಸಿಗುತ್ತದೆ.